ಹೊಟ್ಟೆ ಕಾಣುವ ಮೊದಲೇ: ಕುರಿಯ ಗರ್ಭದೊಳಗಿನ ಐದು ತಿಂಗಳು

ಕುರಿ ಗಬ್ಬವಾದ ದಿನದಿಂದ ಈಯುವ ದಿನದವರೆಗೆ ಸುಮಾರು 147 ದಿನಗಳು. ತಳಿಯನ್ನೂ ಹೊಟ್ಟೆಯಲ್ಲಿರುವ ಮರಿಗಳ ಸಂಖ್ಯೆಯನ್ನೂ ಅನುಸರಿಸಿ ನಾಲ್ಕೈದು ದಿನ ಹಿಂದುಮುಂದಾಗುವುದುಂಟು. ಈ ಅವಧಿಯ ಮೊದಲ ಮೂರು ತಿಂಗಳು ಹೊರಗಿನಿಂದ ನೋಡುವವರಿಗೆ ಏನೂ ತಿಳಿಯುವುದಿಲ್ಲ. ಕುರಿ ಎಂದಿನಂತೆ ಮೇಯುತ್ತದೆ, ಮೆಲುಕು ಹಾಕುತ್ತದೆ, ಮತ್ತೆ ಬೆದೆಗೆ ಬರಲಿಲ್ಲ ಎನ್ನುವುದೊಂದೇ ಗುರುತು. ಮರಿಯ ತೂಕವೂ ಇದೇ ಕಥೆಯನ್ನು ಹೇಳುತ್ತದೆ. 60ನೇ ದಿನ ಭ್ರೂಣ 100 ಗ್ರಾಮಿನ ಒಳಗೇ ಇರುತ್ತದೆ; 90ನೇ ದಿನಕ್ಕೆ ಅರ್ಧ ಕಿಲೋ ದಾಟುತ್ತದೆ; ಹುಟ್ಟುವಾಗ ನಾಲ್ಕು ಕಿಲೋ ತೂಗುವ ಮರಿ ಅದರಲ್ಲಿ ಮುಕ್ಕಾಲು ಪಾಲಿನಷ್ಟನ್ನು ಕೊನೆಯ ಆರು ವಾರಗಳಲ್ಲೇ ಗಳಿಸಿಕೊಂಡಿರುತ್ತದೆ.

ಈ ಲೆಕ್ಕವನ್ನು ಮುಂದಿಟ್ಟುಕೊಂಡವರು ಗಬ್ಬದ ಕುರಿಗೆ ಆರೈಕೆ ಬೇಕಾದದ್ದು ಕೊನೆಯ ಆರು ವಾರ ಮಾತ್ರ ಎಂಬ ತೀರ್ಮಾನಕ್ಕೆ ಬರುತ್ತಾರೆ. ಅದು ಅರ್ಧ ಸತ್ಯ. ನಾನು ಇಂದು ಮಾತನಾಡಬೇಕೆಂದಿರುವುದು ಉಳಿದ ಅರ್ಧದ ಬಗ್ಗೆ. ಮರಿ ಎಷ್ಟು ಬೆಳೆಯಬಲ್ಲದು ಎಂಬ ಮಿತಿ, ಹೊಟ್ಟೆ ಹೊರಗೆ ಕಾಣಿಸಿಕೊಳ್ಳುವ ಹೊತ್ತಿಗೆ ಬಹುಮಟ್ಟಿಗೆ ನಿರ್ಧಾರವಾಗಿಬಿಟ್ಟಿರುತ್ತದೆ. ಕೊನೆಯ ಆರು ವಾರಗಳಲ್ಲಿ ನಾವು ಆ ಮಿತಿಯ ಒಳಗೆ ತುಂಬುವ ಕೆಲಸವನ್ನಷ್ಟೇ ಮಾಡುತ್ತಿರುತ್ತೇವೆ.

ಮೊದಲಿನಿಂದ ಶುರುಮಾಡೋಣ. ಕುರಿಯ ಬೆದೆ ಸುಮಾರು 17 ದಿನಕ್ಕೊಮ್ಮೆ ಬರುತ್ತದೆ, ಒಂದರಿಂದ ಒಂದೂವರೆ ದಿನ ಇರುತ್ತದೆ, ಬೆದೆಯ ಕೊನೆಯ ಹೊತ್ತಿಗೆ ಅಂಡಾಶಯದಿಂದ ಅಂಡಾಣು ಬಿಡುಗಡೆಯಾಗುತ್ತದೆ. ಅಂಡನಾಳದಲ್ಲಿ ಫಲಿತಗೊಂಡ ಅಂಡಾಣು ಅಲ್ಲಿಯೇ ಒಡೆದು ಒಡೆದು ಹಲವು ಕೋಶಗಳ ಸಣ್ಣ ಉಂಡೆಯಾಗಿ, ಮೂರು ನಾಲ್ಕು ದಿನಗಳಲ್ಲಿ ಗರ್ಭಕೋಶಕ್ಕೆ ಇಳಿಯುತ್ತದೆ. ಎಂಟೊಂಬತ್ತನೇ ದಿನ ತನ್ನ ಹೊರಪೊರೆಯನ್ನು ಹರಿದುಕೊಂಡು ಹೊರಬರುತ್ತದೆ. ಆದರೆ ಗೋಡೆಗೆ ಅಂಟಿಕೊಳ್ಳುವುದಿಲ್ಲ. ಮನುಷ್ಯರಲ್ಲಿ ಭ್ರೂಣ ಈ ಹಂತದಲ್ಲಿ ಗರ್ಭಕೋಶದ ಗೋಡೆಯನ್ನು ಕೊರೆದು ಒಳಗೆ ಹುದುಗಿಕೊಳ್ಳುತ್ತದೆ. ಕುರಿಯ ಭ್ರೂಣ ಹಾಗೆ ಮಾಡದೆ ಗರ್ಭಕೋಶದ ಒಳಗಿನ ದ್ರವದಲ್ಲಿ, ಅಲ್ಲಿನ ಗ್ರಂಥಿಗಳು ಸ್ರವಿಸುವುದನ್ನೇ ಉಂಡು, ಮತ್ತೂ ಒಂದು ವಾರ ತೇಲಿಕೊಂಡೇ ಇರುತ್ತದೆ.

ಆ ಒಂದು ವಾರದಲ್ಲಿ ನಡೆಯುವುದನ್ನು ಹತ್ತಿರದಿಂದ ನೋಡಬೇಕು. ಹತ್ತನೇ ದಿನ ಭ್ರೂಣ ಮತ್ತು ಅದರ ಪೊರೆ ಸೇರಿ ಒಂದು ಮಿಲಿಮೀಟರಿಗೂ ಚಿಕ್ಕದಾದ ಗುಂಡನೆಯ ಗುಳ್ಳೆ. 14–15ನೇ ದಿನಕ್ಕೆ ಗರ್ಭಕೋಶವನ್ನು ದ್ರವ ಹಾಯಿಸಿ ತೊಳೆದರೆ ಗಾಜಿನ ತಟ್ಟೆಗೆ ಬಂದು ಬೀಳುವುದು ಹತ್ತು ಸೆಂಟಿಮೀಟರಿಗೂ ಉದ್ದವಾದ, ಬಿಳಿಯ, ಮುಟ್ಟಿದರೆ ಹರಿಯುವಂಥ ಒಂದು ಎಳೆ. ಆ ಎಳೆಯ ಮಧ್ಯದಲ್ಲೆಲ್ಲೋ ಕಷ್ಟಪಟ್ಟು ಗುರುತಿಸಬೇಕಾದ ಒಂದು ಚುಕ್ಕೆ ಇರುತ್ತದೆ; ಮುಂದೆ ಮರಿಯಾಗುವುದು ಅದು ಮಾತ್ರ. ಉಳಿದ ಉದ್ದವೆಲ್ಲ ಮಾಸಿನ ಹೊರಪದರವಾಗಲಿರುವ ಅಂಗಾಂಶ. ಮರಿಗಿಂತ ಮೊದಲು ಮರಿಯನ್ನು ಸಾಕುವ ವ್ಯವಸ್ಥೆ ಬೆಳೆಯುತ್ತದೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ನನಗೆ ಗೊತ್ತಿಲ್ಲ.

ಇಷ್ಟು ಉದ್ದವಾಗುವುದಕ್ಕೆ ಕಾರಣವಿದೆ. 17 ದಿನದ ಚಕ್ರದಲ್ಲಿ ಗರ್ಭ ನಿಂತಿಲ್ಲವೆಂದಾದರೆ ಗರ್ಭಕೋಶವೇ ಪ್ರೋಸ್ಟಗ್ಲಾಂಡಿನ್ ಎಂಬ ವಸ್ತುವನ್ನು ಬಿಟ್ಟು, ಅಂಡಾಶಯದಲ್ಲಿರುವ ಕಾರ್ಪಸ್ ಲೂಟಿಯಂ ಎಂಬ ಗಂಟನ್ನು ಕರಗಿಸಿಬಿಡುತ್ತದೆ. ಗರ್ಭವನ್ನು ಉಳಿಸುವ ಪ್ರೊಜೆಸ್ಟರಾನ್ ಹಾರ್ಮೋನು ಬರುವುದು ಆ ಗಂಟಿನಿಂದ. ಅದು ಕರಗಿದರೆ ಕುರಿ ಮತ್ತೆ ಬೆದೆಗೆ ಬರುತ್ತದೆ, ಭ್ರೂಣವಿದ್ದರೂ ಸಾಯುತ್ತದೆ. ಆದ್ದರಿಂದ ತಾನಿದ್ದೇನೆ ಎಂಬ ಸುದ್ದಿಯನ್ನು ಭ್ರೂಣ ಸಮಯ ಮೀರುವ ಮೊದಲೇ ತಾಯಿಗೆ ಮುಟ್ಟಿಸಬೇಕು. 1966ರಲ್ಲಿ ಕೇಂಬ್ರಿಡ್ಜಿನ ಮೂರ್ ಮತ್ತು ರೋಸನ್ ಅವರು ಬೇರೆ ಬೇರೆ ದಿನಗಳಲ್ಲಿ ಭ್ರೂಣವನ್ನು ತೆಗೆದು ನೋಡಿ ಈ ಗಡುವನ್ನು ಗುರುತಿಸಿದರು. ಹನ್ನೆರಡನೇ ದಿನಕ್ಕೆ ಮೊದಲು ತೆಗೆದರೆ ಕುರಿ ಏನೂ ಆಗಿಯೇ ಇಲ್ಲವೆಂಬಂತೆ ಸರಿಯಾದ ದಿನಕ್ಕೆ ಬೆದೆಗೆ ಬಂತು. ಹದಿಮೂರನೇ ದಿನ ಅಥವಾ ಅನಂತರ ತೆಗೆದರೆ ಭ್ರೂಣವಿಲ್ಲದಿದ್ದರೂ ಬೆದೆ ಮುಂದಕ್ಕೆ ಹೋಯಿತು. ಸುದ್ದಿಯನ್ನು ಒಯ್ಯುವ ವಸ್ತು ಒಂದು ಬಗೆಯ ಇಂಟರ್‌ಫೆರಾನ್ ಎಂಬುದು 1980ರ ದಶಕದಲ್ಲಿ ತಿಳಿಯಿತು. ವೈರಸ್ಸಿನ ವಿರುದ್ಧ ಹೋರಾಡಲು ದೇಹ ತಯಾರಿಸುವ ಪ್ರೋಟೀನುಗಳ ಕುಟುಂಬಕ್ಕೆ ಸೇರಿದ ಇಂಟರ್‌ಫೆರಾನ್ ಟೌ ಅನ್ನು ಭ್ರೂಣದ ಆ ಉದ್ದನೆಯ ಎಳೆ ಗರ್ಭಕೋಶದ ಉದ್ದಕ್ಕೂ ಹರಡಿ ಸ್ರವಿಸುತ್ತದೆ. ಎಳೆ ಗಿಡ್ಡವಾಗಿದ್ದರೆ ಸುದ್ದಿ ಸಾಲದೆ ಹೋಗುತ್ತದೆ. ಫಲಿತಗೊಂಡ ಅಂಡಾಣುಗಳಲ್ಲಿ ಕಾಲು ಪಾಲಿನಷ್ಟು ನಷ್ಟವಾಗುವುದು ಸಾಮಾನ್ಯ, ಅದರಲ್ಲಿ ಹೆಚ್ಚಿನದು ಮೊದಲ 18 ದಿನಗಳ ಒಳಗೇ. ಕುರಿ ಕಂದು ಹಾಕಿತೆಂದು ಯಾರಿಗೂ ತಿಳಿಯುವುದೂ ಇಲ್ಲ. ಗಬ್ಬ ನಿಲ್ಲಲಿಲ್ಲ ಎಂದು ಟಗರನ್ನು ದೂರುವುದಷ್ಟೇ ಆಗುತ್ತದೆ.

ಹದಿನಾರನೇ ದಿನದ ಸುಮಾರಿಗೆ ಅಂಟಿಕೊಳ್ಳುವ ಕೆಲಸ ಶುರುವಾಗುತ್ತದೆ. ಕುರಿಯ ಗರ್ಭಕೋಶದ ಒಳಗೋಡೆಯಲ್ಲಿ ಹುಟ್ಟಿನಿಂದಲೇ 80ರಿಂದ 100ರಷ್ಟು ಸಣ್ಣ ಉಬ್ಬುಗಳಿರುತ್ತವೆ. ಮರಿಯ ಪೊರೆ ಹೆಣೆದುಕೊಳ್ಳುವುದು ಆ ಉಬ್ಬುಗಳ ಮೇಲೆ ಮಾತ್ರ, ನಡುವಿನ ಜಾಗವೆಲ್ಲ ಬರಿದೇ ಉಳಿಯುತ್ತದೆ. ಕುರಿ ಈದ ಮೇಲೆ ಬೀಳುವ ಮಾಸನ್ನು ನಿಮ್ಮಲ್ಲಿ ಹಲವರು ನೋಡಿರಬಹುದು. ಮುಂದಿನ ಸಲ ಕೈಗವಸು ತೊಟ್ಟು ಅದನ್ನು ನೆಲದ ಮೇಲೆ ಹರಡಿ ನೋಡಿ. ತೆಳುವಾದ ಪೊರೆಯ ಮೇಲೆ ಅಂಗಿಗೆ ಗುಂಡಿ ಹೊಲಿದ ಹಾಗೆ ಕಡುಗೆಂಪು ಗಂಟುಗಳು ಕೂತಿರುತ್ತವೆ. ಪ್ರತಿಯೊಂದು ಗಂಟೂ ತಾಯಿಯ ಕಡೆಯ ಉಬ್ಬಿನ ಒಳಗೆ ಇಳಿದು, ಎರಡು ಕಡೆಯ ರಕ್ತನಾಳಗಳು ಕೂದಲೆಳೆಯಷ್ಟು ಅಂತರದಲ್ಲಿ ಅಕ್ಕಪಕ್ಕ ಹರಿದ ಜಾಗ. ಅಲ್ಲಿ ರಕ್ತ ಬೆರೆಯುವುದಿಲ್ಲ. ಆಮ್ಲಜನಕ, ಗ್ಲೂಕೋಸ್, ಅಮೈನೋ ಆಮ್ಲಗಳು ಗೋಡೆ ದಾಟಿ ಮರಿಯ ಕಡೆಗೆ ಬರುತ್ತವೆ, ಮರಿಯ ಕಶ್ಮಲ ತಾಯಿಯ ಕಡೆಗೆ ಹೋಗುತ್ತದೆ. ಅವಳಿ ಮರಿಗಳಿದ್ದಾಗ ಇರುವ ಉಬ್ಬುಗಳನ್ನೇ ಹಂಚಿಕೊಳ್ಳಬೇಕಾಗುತ್ತದೆ. ಒಂದೊಂದು ಗಂಟೂ ಸ್ವಲ್ಪ ದೊಡ್ಡದಾಗಿ ಬೆಳೆದು ಕೊರತೆಯನ್ನು ತುಂಬಲು ನೋಡಿದರೂ ಪೂರ್ತಿ ತುಂಬಲಾಗುವುದಿಲ್ಲ, ಹಾಗಾಗಿ ಅವಳಿ ಮರಿಗಳು ಒಂಟಿ ಮರಿಗಿಂತ ಹಗುರ.

ಈಗ ಮುಖ್ಯವಾದ ಮಾತು. ಈ ಮಾಸು ತನ್ನ ಪೂರ್ತಿ ತೂಕವನ್ನು ಮುಟ್ಟುವುದು 75ರಿಂದ 90ನೇ ದಿನದ ನಡುವೆ. ಅಂದರೆ ಮರಿ ಇನ್ನೂ ಅರ್ಧ ಕಿಲೋದ ಆಸುಪಾಸಿನಲ್ಲಿರುವಾಗಲೇ ಅದನ್ನು ಸಾಕುವ ಅಂಗದ ಬೆಳವಣಿಗೆ ಮುಗಿದಿರುತ್ತದೆ. ಆಮೇಲೆ ಅದರ ರಕ್ತನಾಳಗಳು ಕವಲೊಡೆಯುತ್ತವೆ, ರಕ್ತದ ಹರಿವು ಹೆಚ್ಚುತ್ತದೆ, ಕೊನೆಯ ದಿನಗಳಲ್ಲಿ ಗರ್ಭಕೋಶಕ್ಕೆ ನಿಮಿಷಕ್ಕೆ ಒಂದು ಲೀಟರಿಗೂ ಹೆಚ್ಚು ರಕ್ತ ಹರಿಯುತ್ತದೆ. ಆದರೆ ಗಂಟುಗಳ ಗಾತ್ರ ಹೆಚ್ಚುವುದಿಲ್ಲ. ಗಬ್ಬವಾಗುವ ಮೊದಲೇ ಶಸ್ತ್ರಕ್ರಿಯೆಯಿಂದ ಗರ್ಭಕೋಶದ ಉಬ್ಬುಗಳಲ್ಲಿ ಬಹುಪಾಲನ್ನು ತೆಗೆದ ಪ್ರಯೋಗಗಳಲ್ಲಿ ಮಾಸು ಚಿಕ್ಕದಾಯಿತು, ಅದರೊಂದಿಗೆ ಮರಿಯೂ ಚಿಕ್ಕದಾಯಿತು. ಗರ್ಭದ ನಡುಭಾಗದಲ್ಲಿ ಕುರಿಗಳನ್ನು ಹಗಲು 40 ಡಿಗ್ರಿಯಷ್ಟು ಬಿಸಿಯಿರುವ ಕೋಣೆಗಳಲ್ಲಿ ಇಟ್ಟಾಗಲೂ ಇದೇ ಫಲ ಕಂಡಿತು. ಸೆಕೆಗೆ ಕುರಿ ಮೇವು ಕಡಿಮೆ ತಿನ್ನುತ್ತದೆ, ನಿಜ. ಆದರೆ ತಂಪಿನಲ್ಲಿರುವ ಕುರಿಗಳಿಗೆ ಅಷ್ಟೇ ಕಡಿಮೆ ಮೇವು ಕೊಟ್ಟು ಹೋಲಿಸಿದಾಗಲೂ ಬಿಸಿಯಲ್ಲಿದ್ದವುಗಳ ಮಾಸು ಸಣ್ಣದಾಗಿತ್ತು. ದೇಹವನ್ನು ತಣಿಸಲು ರಕ್ತ ಚರ್ಮದ ಕಡೆಗೆ ತಿರುಗಿದಾಗ ಗರ್ಭಕೋಶದ ಪಾಲು ಕಡಿಮೆಯಾಗುವುದು ಇದಕ್ಕೆ ಒಂದು ಕಾರಣ. ನೆರಳಿಗೂ ನೀರಿಗೂ ಗಬ್ಬದ ಎರಡನೇ ಮೂರನೇ ತಿಂಗಳಲ್ಲಿರುವ ಬೆಲೆ ಕೊನೆಯ ತಿಂಗಳಲ್ಲಿರುವ ಬೆಲೆಗಿಂತ ಕಡಿಮೆಯೇನಲ್ಲ.

ಇನ್ನೊಂದು ಉದಾಹರಣೆ ನಮ್ಮ ಎಣಿಕೆಗೆ ನೇರ ವಿರುದ್ಧವಾಗಿ ಹೋಗುತ್ತದೆ. ಇನ್ನೂ ತಾನೇ ಬೆಳೆಯುತ್ತಿರುವ ಎಳೆಯ ಕುರಿ ಮೊದಲ ಸಲ ಗಬ್ಬವಾದಾಗ ಅದಕ್ಕೆ ಹೊಟ್ಟೆ ಬಿರಿಯುವಷ್ಟು ತಿನ್ನಿಸಿದರೆ ಮರಿ ದೊಡ್ಡದಾಗಬೇಕಲ್ಲವೇ? ಆಗುವುದಿಲ್ಲ. ಆ ತಿಂಡಿ ಎಳೆಯ ಕುರಿಯ ಮೈಗೇ ಹೋಗುತ್ತದೆ, ಮಾಸು ಸಣ್ಣದಾಗುತ್ತದೆ, ಹಿತಮಿತವಾಗಿ ತಿಂದ ಜೊತೆಗಾತಿಯ ಮರಿಗಿಂತ ಇದರ ಮರಿ ಹಗುರವಾಗಿ, ಎಷ್ಟೋ ವೇಳೆ ದಿನ ತುಂಬುವ ಮೊದಲೇ ಹುಟ್ಟುತ್ತದೆ. ಪೂರ್ತಿ ಬೆಳೆದ ಕುರಿಯಲ್ಲಿ ಲೆಕ್ಕ ಬೇರೆ: ಟಗರು ಬಿಡುವ ಹೊತ್ತಿಗೆ ಮೈ ತುಂಬಿಕೊಂಡಿದ್ದರೆ ನಡುವೆ ಸ್ವಲ್ಪ ಇಳಿದರೂ ಅದು ತಡೆದುಕೊಳ್ಳುತ್ತದೆ, ಮೊದಲೇ ಬಡಕಲಾಗಿದ್ದರೆ ತಡೆದುಕೊಳ್ಳುವುದಿಲ್ಲ. ಬೆನ್ನುಮೂಳೆಯ ಮೇಲೆ, ಸೊಂಟದ ಹತ್ತಿರ ಕೈಯಾಡಿಸಿ ಮೂಳೆ ಎಷ್ಟು ಚುಚ್ಚುತ್ತದೆಂದು ನೋಡಿ ಒಂದರಿಂದ ಐದರವರೆಗೆ ಅಂಕ ಕೊಡುವ ಪದ್ಧತಿಯಿದೆಯಲ್ಲ, ಅದನ್ನು ಟಗರು ಬಿಡುವ ಮೊದಲೂ ಮೂರನೇ ತಿಂಗಳಲ್ಲೂ ಮಾಡಬೇಕು. ಕಣ್ಣಿಂದ ನೋಡಿದರೆ ಉಣ್ಣೆ ಮೋಸ ಮಾಡುತ್ತದೆ.

ಮರಿಯ ಕಡೆಯಿಂದಲೂ ಈ ಕಾಣದ ತಿಂಗಳುಗಳು ಖಾಲಿಯಲ್ಲ. ಮೂರು ವಾರಕ್ಕೆ ಹೃದಯ ಬಡಿಯುತ್ತಿರುತ್ತದೆ, ಐದಾರು ವಾರಗಳಲ್ಲಿ ಕಾಲು, ಮೂತಿ, ಕಣ್ಣು ಗುರುತಿಸುವಂತಾಗುತ್ತವೆ. ಸ್ನಾಯುವಿನ ನಾರುಗಳ ಸಂಖ್ಯೆ ಗರ್ಭದಲ್ಲೇ ನಿರ್ಧಾರವಾಗುತ್ತದೆ. ಹುಟ್ಟಿದ ಮೇಲೆ ಇರುವ ನಾರುಗಳು ದಪ್ಪವಾಗುತ್ತವೆಯೇ ಹೊರತು ಹೊಸದಾಗಿ ಹೆಚ್ಚುವುದು ಅತ್ಯಲ್ಪ. ಹೆಣ್ಣು ಮರಿಯ ಅಂಡಾಶಯದಲ್ಲಿ ಅದರ ಜೀವಮಾನಕ್ಕೆ ಬೇಕಾದ ಅಂಡಾಣುಗಳ ಸಂಗ್ರಹ ಹುಟ್ಟುವ ಮೊದಲೇ ಸಿದ್ಧ. ಉಣ್ಣೆಯ ಮೊದಲ ಸಾಲಿನ ಕೂದಲಬೇರುಗಳು ಎರಡನೇ ತಿಂಗಳ ಕೊನೆಗೆ ಮೂಡತೊಡಗುತ್ತವೆ, ಉಣ್ಣೆಯನ್ನು ದಟ್ಟವಾಗಿಸುವ ಎರಡನೇ ಸಾಲಿನವು ಮೂರನೇ ತಿಂಗಳ ಹೊತ್ತಿಗೆ. ಇವು ಪಕ್ವವಾಗುವ ಕಾಲದಲ್ಲಿ ತಾಯಿ ಹಸಿದಿದ್ದರೆ ಆ ಮರಿಯ ಉಣ್ಣೆ ಜೀವನವಿಡೀ ತೆಳುವಾಗಿಯೇ ಉಳಿಯಬಹುದು.

ದಿನದ ಲೆಕ್ಕ ಎಷ್ಟು ಕಟ್ಟುನಿಟ್ಟು ಎಂಬುದಕ್ಕೆ ಅಮೆರಿಕದ ಐಡಹೋ ರಾಜ್ಯದ ಬೆಟ್ಟದ ಹುಲ್ಲುಗಾವಲುಗಳಿಂದ ಒಂದು ಪ್ರಸಂಗ ಹೇಳುತ್ತೇನೆ. ಇಪ್ಪತ್ತನೇ ಶತಮಾನದ ಮಧ್ಯಭಾಗದಲ್ಲಿ ಅಲ್ಲಿ ಹಣೆಯ ನಡುವೆ ಒಂದೇ ಕಣ್ಣಿರುವ ಮರಿಗಳು ಹುಟ್ಟುತ್ತಿದ್ದವು. ಹುಡುಕಿ ನೋಡಿದಾಗ ಸಿಕ್ಕಿದ ಕಾರಣ ವೆರಾಟ್ರಮ್ ಎಂಬ ಕಾಡುಗಿಡ. ಗಬ್ಬವಾದ 14ನೇ ದಿನದ ಸುಮಾರಿಗೆ ಅದನ್ನು ತಿಂದ ಕುರಿಗಳಿಗೆ ಮಾತ್ರ ಇಂಥ ಮರಿಗಳಾಗುತ್ತಿದ್ದವು. ನಾಲ್ಕನೇ ಐದನೇ ವಾರದಲ್ಲಿ ತಿಂದರೆ ಕಾಲಿನ ಮೂಳೆಗಳಿಗೆ, ಉಸಿರುನಾಳಕ್ಕೆ ಬೇರೆಯದೇ ಊನ. ಗಿಡದಲ್ಲಿದ್ದ ವಿಷ ಸೈಕ್ಲೋಪಮೀನ್. ಅದು ಯಾವ ಸಂಕೇತಮಾರ್ಗವನ್ನು ತಡೆಯುತ್ತದೆಂದು ದಶಕಗಳ ಮೇಲೆ ತಿಳಿದಾಗ, ಅದೇ ಮಾರ್ಗವನ್ನು ತಡೆಯುವ ಔಷಧಿಗಳನ್ನು ಒಂದು ಬಗೆಯ ಚರ್ಮದ ಕ್ಯಾನ್ಸರಿಗೆ ತಯಾರಿಸಿದರು. ಈ ಪ್ರಸಂಗದಲ್ಲಿ ನಮಗೆ ಮುಂದೆ ಬೇಕಾಗುವ ಇನ್ನೊಂದು ಅಂಶವಿದೆ: ಒಕ್ಕಣ್ಣಿನ ಮರಿ ಹೊತ್ತ ಕುರಿಗಳು ದಿನ ತುಂಬಿದರೂ ಈಯುತ್ತಿರಲಿಲ್ಲ.

ಅದಕ್ಕೆ ಬರುವ ಮೊದಲು ಕೊನೆಯ ಆರು ವಾರಗಳ ಮಾತು. ಮರಿಯ ಇಂಧನದಲ್ಲಿ ಗ್ಲೂಕೋಸ್ ಮುಖ್ಯ, ಆದರೆ ಮೆಲುಕು ಹಾಕುವ ಪ್ರಾಣಿ ಮೇವಿನಿಂದ ನೇರವಾಗಿ ಗ್ಲೂಕೋಸನ್ನು ಪಡೆಯುವುದು ತೀರ ಕಡಿಮೆ. ಹೊಟ್ಟೆಯ ಮೊದಲ ಚೀಲದಲ್ಲಿ ಸೂಕ್ಷ್ಮಜೀವಿಗಳು ಮೇವನ್ನು ಹುಳಿಸಿ ಕೊಟ್ಟ ಆಮ್ಲಗಳಿಂದ ಪಿತ್ತಜನಕಾಂಗ ಅದನ್ನು ತಯಾರಿಸಬೇಕು. ಗರ್ಭಕೋಶಕ್ಕೆ ಬಂದ ಗ್ಲೂಕೋಸಿನಲ್ಲಿ ಅರ್ಧಕ್ಕಿಂತ ಹೆಚ್ಚನ್ನು ಮಾಸು ಮತ್ತು ಗರ್ಭಕೋಶ ತಾವೇ ಬಳಸುತ್ತವೆ. ಮಾಸು ಒಂದು ಭಾಗವನ್ನು ಫ್ರಕ್ಟೋಸ್ ಆಗಿ ಮಾರ್ಪಡಿಸುತ್ತದೆ. ಹುಟ್ಟದ ಮರಿಯ ರಕ್ತದಲ್ಲಿ ಫ್ರಕ್ಟೋಸ್ ಗ್ಲೂಕೋಸಿಗಿಂತ ಎಷ್ಟೋ ಪಟ್ಟು ಹೆಚ್ಚು. ಮರಿ ಬೆಳೆದಂತೆ ಹೊಟ್ಟೆಯಲ್ಲಿ ಮೇವಿಗೆ ಜಾಗ ಕಡಿಮೆಯಾಗುತ್ತದೆ, ಬೇಡಿಕೆ ಮಾತ್ರ ಏರುತ್ತದೆ. ಅವಳಿ ತ್ರಿವಳಿ ಹೊತ್ತ ಕುರಿಯಲ್ಲಿ ಈ ಕೊರತೆಯನ್ನು ತುಂಬಲು ಮೈಯ ಕೊಬ್ಬು ಕರಗುತ್ತದೆ, ಕೊಬ್ಬು ಒಡೆದಾಗ ಹುಟ್ಟುವ ಕೀಟೋನುಗಳು ರಕ್ತದಲ್ಲಿ ತುಂಬುತ್ತವೆ, ಗ್ಲೂಕೋಸ್ ಕುಸಿಯುತ್ತದೆ. ಗರ್ಭವಿಷತೆ ಎಂದು ಕರೆಯುವ ಈ ರೋಗದ ಮೊದಲ ಲಕ್ಷಣ ತೀರ ಸಾಧಾರಣವಾದದ್ದು: ಮೇವಿನ ಹೊತ್ತಿಗೆ ಎಲ್ಲ ಕುರಿಗಳೂ ಮುನ್ನುಗ್ಗಿದಾಗ ಒಂದು ಹಿಂದೆ ಉಳಿಯುತ್ತದೆ. ಆಮೇಲೆ ಕಣ್ಣು ಕಾಣಿಸದಂತೆ ತಡವರಿಸುತ್ತದೆ, ತಲೆಯನ್ನು ಗೋಡೆಗೆ ಒತ್ತಿ ನಿಲ್ಲುತ್ತದೆ, ನೆಲ ಹಿಡಿಯುತ್ತದೆ. ನೆಲ ಹಿಡಿದ ಮೇಲೆ ಉಳಿಸಿಕೊಳ್ಳುವುದು ಕಷ್ಟ, ಹಿಂದೆ ಉಳಿದ ದಿನವೇ ಪಶುವೈದ್ಯರನ್ನು ಕರೆಸಿದರೆ ಸಾಧ್ಯ. ತೀರ ಬಡಕಲಾದವೂ ತೀರ ಕೊಬ್ಬಿದವೂ ಇದಕ್ಕೆ ಬೇಗ ಬಲಿಯಾಗುತ್ತವೆ. 45ರಿಂದ 90ನೇ ದಿನದ ನಡುವೆ ಸ್ಕ್ಯಾನ್ ಮಾಡಿ ಮರಿಗಳನ್ನು ಎಣಿಸಿ, ಅವಳಿ ಹೊತ್ತವನ್ನು ಬೇರ್ಪಡಿಸಿ ಮೇಯಿಸುವುದು ಇದಕ್ಕಾಗಿಯೇ. ಅನಂತರ ಮರಿಗಳು ದೊಡ್ಡವಾಗಿ ಎಲ್ಲವೂ ಒಟ್ಟಿಗೆ ತೆರೆಯ ಮೇಲೆ ಬರುವುದಿಲ್ಲ.

ಗರ್ಭದಲ್ಲಿ ಮರಿ ಉಸಿರಾಟದ ಅಭ್ಯಾಸವನ್ನೂ ಮಾಡುತ್ತದೆ. ಶ್ವಾಸಕೋಶ ತಾನೇ ಸ್ರವಿಸಿದ ದ್ರವದಿಂದ ತುಂಬಿರುತ್ತದೆ, ಎದೆಯೂ ವಪೆಯೂ ಬಿಟ್ಟು ಬಿಟ್ಟು ಆಡುತ್ತಿರುತ್ತವೆ. ಕಣ್ಣುಗುಡ್ಡೆ ಚಲಿಸುವ ನಿದ್ದೆಯ ಹೊತ್ತಿನಲ್ಲಿ ಇದು ನಡೆಯುತ್ತದೆಂದು ಆಕ್ಸ್‌ಫರ್ಡಿನಲ್ಲಿ ಜೆಫ್ರಿ ಡಾಸ್ ಮತ್ತು ಸಂಗಡಿಗರು 1970ರ ಸುಮಾರಿಗೆ ತೋರಿಸಿಕೊಟ್ಟರು. ಉಸಿರುನಾಳದಿಂದ ಆ ದ್ರವವನ್ನು ಹೊರಗೆ ಹರಿಯಬಿಟ್ಟರೆ ಶ್ವಾಸಕೋಶ ಮುರುಟುತ್ತದೆ, ನಾಳವನ್ನು ಕಟ್ಟಿದರೆ ಅತಿಯಾಗಿ ಬೆಳೆಯುತ್ತದೆ.

ಈಗ ಈಯುವ ವಿಷಯ. ದಿನ ಗೊತ್ತುಮಾಡುವುದು ತಾಯಿಯೋ ಮರಿಯೋ? ಇದನ್ನು ಬಿಡಿಸಿದವರು ನ್ಯೂಜಿಲೆಂಡಿನ ಆಕ್ಲೆಂಡಿನಲ್ಲಿದ್ದ ಪ್ರಸೂತಿ ತಜ್ಞ ಗ್ರಹಾಂ ಲಿಗಿನ್ಸ್. ಒಕ್ಕಣ್ಣಿನ ಮರಿಗಳಲ್ಲಿ ಮಿದುಳಿನ ಕೆಳಗಿನ ಪಿಟ್ಯುಟರಿ ಗ್ರಂಥಿ ಊನವಾಗಿರುತ್ತಿತ್ತು. ಲಿಗಿನ್ಸ್ 1960ರ ದಶಕದಲ್ಲಿ ಗರ್ಭದೊಳಗಿನ ಆರೋಗ್ಯವಂತ ಮರಿಯ ಪಿಟ್ಯುಟರಿಯನ್ನೇ ನಾಶಮಾಡಿ ನೋಡಿದರು: ಗರ್ಭ ಮುಂದುವರಿಯುತ್ತಲೇ ಹೋಯಿತು. ಮರಿಗೆ ಕಾರ್ಟಿಸಾಲಿನಂಥ ಹಾರ್ಮೋನನ್ನು ಕೊಟ್ಟರೆ ದಿನ ತುಂಬದಿದ್ದರೂ ಕುರಿ ಈಯಿತು. ಅಂದರೆ ಮರಿಯ ಪಿಟ್ಯುಟರಿ ಅದರ ಅಡ್ರಿನಲ್ ಗ್ರಂಥಿಯನ್ನು ಎಚ್ಚರಿಸುತ್ತದೆ, ಕಾರ್ಟಿಸಾಲ್ ಏರುತ್ತದೆ, ಅದರ ಪ್ರಭಾವದಿಂದ ಮಾಸು ಪ್ರೊಜೆಸ್ಟರಾನನ್ನು ಈಸ್ಟ್ರೋಜನ್ನಿನತ್ತ ತಿರುಗಿಸುತ್ತದೆ, ಪ್ರೋಸ್ಟಗ್ಲಾಂಡಿನ್ ಬಿಡುಗಡೆಯಾಗಿ ಗರ್ಭಕೋಶ ಹಿಂಡತೊಡಗುತ್ತದೆ. ಮೊದಲ ಎರಡು ವಾರಗಳಲ್ಲಿ ತಡೆಹಿಡಿಯಬೇಕಾಗಿದ್ದ ಪ್ರೋಸ್ಟಗ್ಲಾಂಡಿನ್ನೇ ಇದು. ಹೆರಿಗೆಯ ದಿನವನ್ನು ಗೊತ್ತುಮಾಡುವುದು ಮರಿ.

ಇಲ್ಲಿ ವಿಷಯದಿಂದ ಒಂದು ಹೆಜ್ಜೆ ಪಕ್ಕಕ್ಕೆ ಇಡುತ್ತೇನೆ. ಹೀಗೆ ಅಕಾಲದಲ್ಲಿ ಹುಟ್ಟಿದ ಮರಿಗಳು ಉಸಿರಾಡಲಾಗದೆ ಸಾಯಬೇಕಿತ್ತು, ಆದರೆ ಹಾರ್ಮೋನು ಪಡೆದ ಒಂದು ಮರಿ ಉಸಿರಾಡುತ್ತಿದ್ದುದನ್ನು ಲಿಗಿನ್ಸ್ ಗಮನಿಸಿದರು. ಅದರ ಶ್ವಾಸಕೋಶ ಗಾಳಿ ತುಂಬಿಕೊಂಡು ತೆರೆದಿತ್ತು. ಕಾರ್ಟಿಸಾಲ್ ಹೆರಿಗೆಯನ್ನು ಶುರುಮಾಡುವುದರ ಜೊತೆಗೆ ಶ್ವಾಸಕೋಶವನ್ನೂ ಹದಮಾಡುತ್ತದೆ. ಮಕ್ಕಳ ತಜ್ಞ ರಾಸ್ ಹೋವಿಯವರೊಂದಿಗೆ ಅವರು ಇದನ್ನು ಅವಧಿಗೆ ಮುಂಚೆ ಹೆರುವ ಅಪಾಯದಲ್ಲಿದ್ದ ಗರ್ಭಿಣಿಯರಲ್ಲಿ ಪರೀಕ್ಷಿಸಿ 1972ರಲ್ಲಿ ಪ್ರಕಟಿಸಿದರು. ಇಂದು ಅವಧಿಪೂರ್ವ ಹೆರಿಗೆಯ ಸೂಚನೆ ಕಂಡಾಗ ತಾಯಿಗೆ ಕೊಡುವ ಸ್ಟಿರಾಯ್ಡ್ ಚುಚ್ಚುಮದ್ದು ಆ ಕುರಿಮರಿಯಿಂದ ಬಂದದ್ದು. 2017ರಲ್ಲಿ ಫಿಲಡೆಲ್ಫಿಯಾದ ಮಕ್ಕಳ ಆಸ್ಪತ್ರೆಯ ತಂಡ ದಿನ ತುಂಬದ ಕುರಿಮರಿಗಳನ್ನು ದ್ರವ ತುಂಬಿದ ಚೀಲದಲ್ಲಿ, ಹೊಕ್ಕುಳಬಳ್ಳಿಯ ಮೂಲಕ ರಕ್ತಕ್ಕೆ ಆಮ್ಲಜನಕ ಕೊಟ್ಟು ನಾಲ್ಕು ವಾರದವರೆಗೆ ಬೆಳೆಸಿತು. ಅಲ್ಲಿಯೂ ಮೊದಲು ಕುರಿಯೇ.

ಮತ್ತೆ ಕೊಟ್ಟಿಗೆಗೆ ಬರೋಣ. ಮಾಸಿನ ಗೋಡೆ ಗ್ಲೂಕೋಸನ್ನು ಬಿಡುತ್ತದೆ, ಆದರೆ ತಾಯಿಯ ರೋಗನಿರೋಧಕ ಪ್ರತಿಕಾಯಗಳನ್ನು ಬಿಡುವುದಿಲ್ಲ. ಮನುಷ್ಯರ ಮಗು ಅವುಗಳನ್ನು ಗರ್ಭದಲ್ಲೇ ಪಡೆದು ಹುಟ್ಟುತ್ತದೆ; ಕುರಿಮರಿ ಬರಿಗೈಯಲ್ಲಿ ಹುಟ್ಟುತ್ತದೆ. ಅದಕ್ಕೆ ಅವು ಸಿಗುವುದು ಗಿಣ್ಣುಹಾಲಿನಿಂದ ಮಾತ್ರ. ಆ ಹಾಲು ಕೆಚ್ಚಲಲ್ಲಿ ಸಿದ್ಧವಾಗುವುದೂ ಗಬ್ಬದ ಕೊನೆಯ ವಾರಗಳಲ್ಲಿ, ಈಯಲು ನಾಲ್ಕರಿಂದ ಆರು ವಾರ ಮೊದಲು ಕುರಿಗೆ ಲಸಿಕೆ ಹಾಕಿಸುವುದು ಅದಕ್ಕಾಗಿ. ಮೊದಲ ಕೆಲವು ಗಂಟೆಗಳಲ್ಲಿ ಮರಿಯ ತೂಕದ ಕಿಲೋಗೆ 50 ಮಿಲಿಲೀಟರಿನಷ್ಟು, ಒಂದು ದಿನದಲ್ಲಿ ಒಟ್ಟು ಕಿಲೋಗೆ 200 ಮಿಲಿಲೀಟರಿನಷ್ಟು ಹೊಟ್ಟೆಗಿಳಿಯಬೇಕು. ನಾಲ್ಕು ಕಿಲೋದ ಮರಿಗೆ ಇದು ಕಷ್ಟವಲ್ಲ. ಅದು ಅರ್ಧ ಗಂಟೆಯಲ್ಲಿ ಎದ್ದು ಮೊಲೆ ಹುಡುಕುತ್ತದೆ. ಸಣ್ಣ ಮಾಸಿನಿಂದ ಬಂದ ಎರಡು ಕಿಲೋದ ಮರಿಯಲ್ಲಿ ಮೂತ್ರಪಿಂಡದ ಸುತ್ತ ಇರಬೇಕಾದ, ಶಾಖ ಕೊಡುವ ಕಂದು ಕೊಬ್ಬು ಕಡಿಮೆ. ಅದು ಬೇಗ ತಣ್ಣಗಾಗುತ್ತದೆ, ತಣ್ಣಗಾದ ಮರಿ ಚೀಪುವುದಿಲ್ಲ. ಅದನ್ನು ಒರೆಸಿ ಬೆಚ್ಚಗೆ ಮಾಡಿ, ಗಿಣ್ಣುಹಾಲನ್ನು ಕರೆದು ನಾವೇ ಕುಡಿಸಬೇಕು, ಬೇಗನೆ ಕುಡಿಸಬೇಕು. 24 ಗಂಟೆಯ ಹೊತ್ತಿಗೆ ಕರುಳಿನ ಗೋಡೆ ಪ್ರತಿಕಾಯಗಳನ್ನು ಒಳಗೆ ಬಿಡುವುದನ್ನು ನಿಲ್ಲಿಸುತ್ತದೆ, ಆಮೇಲೆ ಕುಡಿಸಿದ್ದು ಹೊಟ್ಟೆಗೆ ಆಹಾರವಾಗುತ್ತದೆ, ರಕ್ತಕ್ಕೆ ಸೇರುವುದಿಲ್ಲ.